ಎರಡೂವರೆ ಡಿಗ್ರಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಎರಡನೇ ತಿರುವಿನಲ್ಲಿ ಕಾರು ತಿರುಗಲಿಲ್ಲ. ಸ್ಟೀರಿಂಗ್ ಬಲಕ್ಕೆ ತಿರುಗಿತು, ಚಕ್ರಗಳೂ ತಿರುಗಿದವು, ಕಾರು ಮಾತ್ರ ಎದುರಿನ ಹುಲ್ಲನ್ನೇ ನೋಡುತ್ತ ನೇರ ಹೋಯಿತು, ಮುಂದಿನ ಟೈರುಗಳು ನರಳಿದವು, ಟ್ರ್ಯಾಕಿನ ಅಂಚಿನ ಬಿಳಿ ಗೆರೆ ಎಡಚಕ್ರದ ಕೆಳಗೆ ಬಂತು, ಹೋಯಿತು — ಇದು ನನ್ನ ಕಾರಲ್ಲ, ಹೋದ ತಿಂಗಳು ಇದೇ ತಿರುವಿನಲ್ಲಿ ಇದೇ ವೇಗಕ್ಕೆ ಮೂಗು ತಾನಾಗಿ ಒಳಗೆ ನುಗ್ಗಿತ್ತು, ಕೈಗೆ ಕೆಲಸವೇ ಇರಲಿಲ್ಲ, ಹಾಗಾದರೆ ತಪ್ಪು ಕೈಯದ್ದೇ ಇರಬೇಕು, ಬ್ರೇಕು ತಡವಾಯಿತೋ ಏನೋ, ಮುಂದಿನ ಸುತ್ತಿನಲ್ಲಿ ಹತ್ತು ಮೀಟರ್ ಮೊದಲೇ ಬ್ರೇಕು ಹಾಕಿದೆ, ಅದೇ, ಅದರ ಮುಂದಿನದರಲ್ಲಿ ಇನ್ನೂ ಹತ್ತು, ಆಗಲೂ ಅದೇ, ಹೀಗೇ ಆದರೆ ತಿರುವು ಬರುವ ಮುಂಚೆ ಕಾರು ನಿಲ್ಲಿಸಿ ಇಳಿದು ತಳ್ಳಬೇಕಾಗುತ್ತದೆ. ಪಕ್ಕದ ಸೀಟಿನಿಂದ ತರಬೇತುದಾರ ಹೆಲ್ಮೆಟ್ಟಿನೊಳಗೇ ಕೂಗುತ್ತಾನೆ, ಹೆದರ್ಕೋಬೇಡಿ ಮೇಡಂ, ಕೈ ಸಡಿಲ ಬಿಡಿ, ಕಾರು ಚೆನ್ನಾಗೇ ಇದೆ. ಹೆದರಿಕೆಯಂತೆ. ಕಾರು ತಿರುಗದಿದ್ದರೆ ಗಂಡಸಿಗೆ ಸೆಟ್ಟಿಂಗ್ ತಪ್ಪಿದೆ, ಹೆಂಗಸಿಗೆ ಧೈರ್ಯ ಸಾಲದು, ಬೆಳಿಗ್ಗೆ ಗೇಟಿನಲ್ಲೂ ಇದೇ, ತಪಾಸಣೆಯವನು ನನ್ನನ್ನು ದಾಟಿ ಅಪ್ಪನ ಹತ್ತಿರ ಹೋಗಿ, ಓಡ್ಸೋರು ನೀವಾ ಯಜಮಾನ್ರೇ, ವಯಸ್ಸಿನ ಮಿತಿ ಇದೆಯಲ್ಲಾ ಅಂದ, ಅಪ್ಪ ಹಲ್ಲುಬಿಟ್ಟು, ನಾನಲ್ಲಪ್ಪ, ನಮ್ಮ ಪುಟ್ಟಿ ಅಂದ, ಅವನು ಪುಟ್ಟಿ ಎಲ್ಲಿ ಅಂತ ಅಪ್ಪನ ಬೆನ್ನ ಹಿಂದೆ ಹುಡುಕಿದ, ಪುಟ್ಟಿಗೆ ಮೂವತ್ತೊಂಬತ್ತು ವರ್ಷ, ಕನ್ನಡಕ ಬೇರೆ ಇದೆ. ಒಂದು ನಿಮಿಷ ಮೂವತ್ತೈದು ಸೆಕೆಂಡು. ಫಲಕದಲ್ಲಿ ನನ್ನ ಸಂಖ್ಯೆಯ ಎದುರು ಅದೇ ಅಂಕಿ, ಆರು ಸುತ್ತಿನಲ್ಲೂ ಹೆಚ್ಚುಕಡಿಮೆ ಅದೇ. ಬೇಕಾದದ್ದು ಮೂವತ್ತೆರಡರೊಳಗೆ ಒಂದೇ ಒಂದು ಸುತ್ತು, ಇವತ್ತಿನ ಎರಡು ಸರದಿಗಳಲ್ಲಿ ಯಾವುದರಲ್ಲಾದರೂ ಸರಿ, ಬಂದರೆ ರೇಸಿಗೆ ಇಳಿಯುವ ಪರವಾನಗಿ, ಬರದಿದ್ದರೆ ಮುಂದಿನ ಪರೀಕ್ಷೆ ಬರುವ ವರ್ಷ. ಒಂದು ಸರದಿ ಮುಗಿಯಿತು.

ಇಳಿದು ಮೊದಲು ನೋಡಿದ್ದು ಟೈರು. ಮುಂದಿನ ಎರಡರಲ್ಲೂ ಹೊರಅಂಚು ಕಿತ್ತು ರಬ್ಬರು ಉಂಡೆಯುಂಡೆಯಾಗಿದೆ, ಒಳಭಾಗ ಬೆಳಿಗ್ಗೆ ಇದ್ದಂತೆಯೇ ನುಣ್ಣಗಿದೆ, ಅಂದರೆ ಅರ್ಧ ಟೈರು ಕೆಲಸವನ್ನೇ ಮಾಡಿಲ್ಲ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಮುಂದಿನಿಂದ ನೋಡಿದೆ — ಚಕ್ರ ನೆಟ್ಟಗೆ ನಿಂತಿದೆ. ನೆಟ್ಟಗೆ. ನನ್ನ ಕಾರಿನ ಮುಂದಿನ ಚಕ್ರಗಳು ನೆಟ್ಟಗೆ ನಿಲ್ಲುವುದಿಲ್ಲ, ಅವುಗಳ ತಲೆ ಎರಡೂವರೆ ಡಿಗ್ರಿ ಒಳಗೆ ವಾಲಿರುತ್ತದೆ, ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ಒರಗಿದಾಗ ವಾಲಿದ ಚಕ್ರ ಸರಿಯಾಗಿ ನೆಲಕ್ಕೆ ಮಟ್ಟಸವಾಗಿ ಕೂರಲಿ ಎಂದು, ಅದಕ್ಕಾಗಿ ಎರಡು ವರ್ಷದ ಭಾನುವಾರಗಳು, ಸ್ಪ್ರಿಂಗ್ ಬದಲಾಯಿಸಿದ್ದು, ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದು, ಕಾಲು ಡಿಗ್ರಿ ಹೆಚ್ಚು ಮಾಡಿ ಓಡಿಸಿ ಬರೆದುಕೊಂಡಿದ್ದು, ಕಾಲು ಡಿಗ್ರಿ ಕಡಿಮೆ ಮಾಡಿ ಓಡಿಸಿ ಬರೆದುಕೊಂಡಿದ್ದು, ತಿಂಗಳುಗಟ್ಟಲೆ ಉಗುರಿನ ಸಂದಿಯ ಗ್ರೀಸು ಹೋಗದೆ ಮದುವೆ ಮನೆಯಲ್ಲಿ ಚಿಕ್ಕಮ್ಮನಿಂದ ಬೈಸಿಕೊಂಡಿದ್ದು. ಕೋನ ಅಳೆಯುವ ಉಪಕರಣವನ್ನು ರಿಮ್ಮಿಗೆ ಹಿಡಿದರೆ ಅರ್ಧ ಡಿಗ್ರಿ ತೋರಿಸುತ್ತದೆ. ಎಡಗಡೆ ಅರ್ಧ, ಬಲಗಡೆ ಅರ್ಧ. ಬುಧವಾರ ಸಂಜೆ ಅಳೆದಾಗ ಎರಡೂವರೆ ಇತ್ತು, ಪುಸ್ತಕದಲ್ಲಿದೆ, ನನ್ನದೇ ಅಕ್ಷರ, ಇವತ್ತು ಶನಿವಾರ, ಇವತ್ತು ಅಳೆಯಲಿಲ್ಲ. ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಅಳೆಯುವುದೇ ನನ್ನ ಕೆಲಸ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡಿಭಾಗವನ್ನು ವಾಪಸ್ ಕಳಿಸುವವಳು, ನಿನ್ನೆ ಅಳೆದಿದ್ದೀವಿ ಮೇಡಂ ಎಂದವರಿಗೆಲ್ಲ ನಿನ್ನೆಯದು ನಿನ್ನೆಗೆ ಎಂದವಳು. ಅಂಥವಳು ಮೂರು ದಿನದ ಹಿಂದಿನ ಅಂಕಿಯನ್ನು ನಂಬಿ ಗಂಟೆಗೆ ನೂರಿಪ್ಪತ್ತರಲ್ಲಿ ತಿರುವಿಗೆ ಹೋದಳು.

ಅಪ್ಪ ನೀರಿನ ಬಾಟಲಿ ಹಿಡಿದು ಬೇಲಿಯ ಕಡೆಯಿಂದ ಬರುತ್ತಿದ್ದಾನೆ, ಮುಖದಲ್ಲಿ ಬಹುಮಾನ ತಂದವನ ಕಳೆ. ಏನಮ್ಮಾ, ನುಣ್ಣಗೆ ಓಡ್ತಾ? ಅಪ್ಪ, ಚಕ್ರ ಯಾರು ಮುಟ್ಟಿದ್ದು? ಓ ಗೊತ್ತಾಯ್ತಾ, ಸಂಜೆ ಹೇಳೋಣ ಅಂತಿದ್ದೆ, ಗುರುವಾರ ಅಲೈನ್‌ಮೆಂಟ್ ಮಾಡಿಸ್ಕೊಂಡ್ ಬಂದೆ, ಎಂಟು ಗಂಟೆಗೇ ಹೋಗಿ ಮೊದಲನೇ ಸರದಿ ಹಿಡಿದೆ. ವಾರದ ದಿನ ನಾನು ಕಾರ್ಖಾನೆಯ ಬಸ್ಸಿನಲ್ಲಿ ಹೋಗುತ್ತೇನೆ, ಕಾರು ಅಪ್ಪನ ಕೈಯಲ್ಲಿರುತ್ತದೆ, ಗಡುಸಾಯ್ತು, ಸೊಂಟ ಹಿಡಿಯುತ್ತೆ ಅಂತ ಒಂದು ದಿನವೂ ಗೊಣಗಿದವನಲ್ಲ, ಅದಕ್ಕೇ ನನಗೆ ಅನುಮಾನವೇ ಬರಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಿಂದ ಹಾಳೆ ತೆಗೆದು ತೋರಿಸುತ್ತಾನೆ, ನೋಡು, ಹಿಂದೆ ಎಲ್ಲಾ ಕೆಂಪು, ಈಗ ಎಲ್ಲಾ ಹಸಿರು, ಅಂಗಡಿಯವನೇ ಗಾಬರಿಯಾದ, ಯಾರೋ ಇದನ್ನ ಪೂರ್ತಿ ಹಾಳು ಮಾಡಿದಾರೆ ಸರ್, ಈ ಕಾರಲ್ಲಿ ಹೇಗೆ ಓಡಾಡ್ತಿದ್ರಿ ಅಂದ. ಯಾರೋ. ಆ ಯಾರೋ ನಾನು. ಹಾಳು ಮಾಡಲಿಕ್ಕೆ ನನಗೆ ಎರಡು ವರ್ಷ ಹಿಡಿಯಿತು, ಸರಿ ಮಾಡಲಿಕ್ಕೆ ಅವನಿಗೆ ನಲವತ್ತು ನಿಮಿಷ, ಅವನ ಯಂತ್ರಕ್ಕೆ ಗೊತ್ತಿರುವುದು ಎರಡೇ ಬಣ್ಣ, ಅವನಿಗೂ ಅಷ್ಟೇ, ಬಾನೆಟ್ಟಿನೊಳಗೆ ಸ್ಪ್ರಿಂಗಿನ ಮೇಲ್ತುದಿಯಲ್ಲಿ ಸರಿಸಲೆಂದೇ ಕೂರಿಸಿದ ಪ್ಲೇಟುಗಳು ಕಾಣಲಿಲ್ಲವೇ, ಅದರ ಮೇಲೆ ನಾನು ಗೀರಿದ ಗುರುತು ಕಾಣಲಿಲ್ಲವೇ, ಇದನ್ನು ಯಾರಾದರೂ ಬೇಕೆಂದೇ ಮಾಡಿರಬಹುದಾ ಎಂದು ಒಂದು ಫೋನು ಮಾಡಲಿಕ್ಕೇನಾಗಿತ್ತು. ಅಪ್ಪ, ಅದು ವಾಲಿರಬೇಕಿತ್ತು, ನಾನೇ ವಾಲಿಸಿದ್ದು. ವಾಲಿಸಿದ್ದಾ? ಟೈರು ಒಳಗಡೆ ತಿಂದ್ಹಾಕ್ತಿತ್ತು ಕಣಮ್ಮಾ, ಮೂವತ್ತೊಂದು ವರ್ಷ ಬಸ್ಸು ಓಡ್ಸಿದೀನಿ, ಒಂದು ದಿನ ಒಂದು ಗೀರು ಮಾಡಿಲ್ಲ, ಚಕ್ರ ಸೊಟ್ಟ ಇರೋದು ನನಗೆ ಕಾಣಲ್ವಾ? ಕೇಳಬಹುದಿತ್ತಲ್ಲಾ. ಅಪ್ಪ ಬಾಟಲಿಯ ಮುಚ್ಚಳ ತೆಗೆದು ನನ್ನ ಕಡೆ ಚಾಚಿದ. ಕೇಳಿದ್ರೆ ಬೇಡ ಅಂತಿದ್ದೆ. ಏನೋ ಬಹಳ ಸಾಮಾನ್ಯ ಸಂಗತಿ ಹೇಳುವವನ ಹಾಗೆ ಹೇಳಿದ. ಕೇಳಿದ್ರೆ ಬೇಡ ಅಂತಿದ್ದೆ. ಅಂದರೆ ಗೊತ್ತಿತ್ತು. ಅಂದರೆ ನನಗೆ ಏನು ಬೇಕು ಎಂದು ಗೊತ್ತಿದ್ದೇ ಅದಕ್ಕೆ ಉಲ್ಟಾ ಮಾಡಿಸಿದ್ದು, ಅಂಗಡಿಯವನದ್ದು ದಡ್ಡತನ, ಅದನ್ನು ಕ್ಷಮಿಸಬಹುದು, ಇದನ್ನು ಏನೆಂದು ಕರೆಯುವುದು, ಪ್ರೀತಿ ಎಂದೇ ಎಲ್ಲರೂ ಕರೆಯುತ್ತಾರೆ, ನಾನು ಈಗ ಕೂಗಾಡಿದರೆ ವಯಸ್ಸಾದ ಅಪ್ಪನ ಮೇಲೆ ರೇಗುವ ಗಂಡುಬೀರಿ ಎಂದು ಈ ಮೈದಾನದಲ್ಲಿರುವ ಅಷ್ಟೂ ಜನ ತಲೆಯಾಡಿಸುತ್ತಾರೆ. ಹತ್ತೂ ಐವತ್ತು. ಎರಡನೇ ಸರದಿ ಹನ್ನೊಂದೂವರೆಗೆ. ನಲವತ್ತು ನಿಮಿಷ. ಅಂಗಡಿಯವನಿಗೆ ಹಿಡಿದಷ್ಟೇ.

ಬಾನೆಟ್ ತೆರೆದೆ, ಒಂದೊಂದು ಕಡೆ ಮೂರು ನಟ್ಟು, ಜ್ಯಾಕ್ ಏರಿಸು, ಸಡಿಲಿಸು, ಗೀರಿದ ಗುರುತಿಗೆ ಪ್ಲೇಟು ಸರಿಸು, ಬಿಗಿ ಮಾಡು, ಇಳಿಸು, ಕಾರನ್ನು ಒಂದು ಮಾರು ಮುಂದೆ ತಳ್ಳಿ ಹಿಂದೆ ತಳ್ಳಿ ಸ್ಪ್ರಿಂಗ್ ಕೂರಲು ಬಿಡು, ಅಳೆ. ಬಲಗಡೆ ಎರಡೂವರೆ. ಎಡಗಡೆ ಎರಡು ಪಾಯಿಂಟ್ ಮೂರು. ಬಿಚ್ಚು, ಮತ್ತೆ. ಪಕ್ಕದ ಜಾಗದ ಹಳದಿ ಕಾರಿನವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ, ಅವನ ಕಾರಿಗೆ ಹಿಂದೆ ಊಟದ ಮೇಜಿನಷ್ಟು ಅಗಲದ ರೆಕ್ಕೆ, ಬಾಗಿಲಲ್ಲಿ ಬೆಂಕಿಯ ಸ್ಟಿಕರ್, ಸುತ್ತಿನ ಸಮಯ ಒಂದು ನಿಮಿಷ ನಲವತ್ತು. ಮೇಡಂ, ಟೈರಿನ ಗಾಳಿ ಕಮ್ಮಿ ಮಾಡಿ ನೋಡಿ, ಮೇಡಂ, ಇಷ್ಟು ಹೊತ್ತಲ್ಲಿ ಆಗಲ್ಲ ಬಿಡಿ ಮೇಡಂ. ಅಳತೆ ಟೇಪಿನ ಈ ತುದಿ ಹಿಡ್ಕೋತೀರಾ ಅಂದೆ, ಅಯ್ಯೋ ನನ್ನ ಗ್ಲೌಸು ಕೊಳೆಯಾಗುತ್ತೆ ಅಂದ, ಹೋದ, ಸಲಹೆಗೆ ಗ್ಲೌಸು ಬೇಕಾಗಿರಲಿಲ್ಲ. ಮೇಲ್ತುದಿ ಸರಿಸಿದರೆ ಚಕ್ರಗಳು ನೋಡುವ ದಿಕ್ಕೂ ಬದಲಾಗುತ್ತದೆ, ಎರಡು ಚಕ್ರಗಳ ನಡುವಿನ ಅಂತರವನ್ನು ಮುಂದೊಮ್ಮೆ ಹಿಂದೊಮ್ಮೆ ಅಳೆಯಬೇಕು, ಮುಂದೆ ಎರಡು ಮಿಲಿಮೀಟರ್ ಹೆಚ್ಚಿರಬೇಕು, ಟೇಪಿಗೆ ಎರಡು ತುದಿ, ನಾನು ಒಬ್ಬಳೇ. ಅಪ್ಪ ಕೇಳದೆಯೇ ಬಂದು ಆಚೆ ಚಕ್ರದ ಪಕ್ಕ ನೆಲದ ಮೇಲೆ ಮಲಗಿದ, ಇಸ್ತ್ರಿ ಮಾಡಿದ ಅಂಗಿ, ಎಪ್ಪತ್ತು ವರ್ಷ, ಮಂಡಿ ಲಟಕ್ಕೆಂದದ್ದು ಈಚೆಗೂ ಕೇಳಿಸಿತು. ಎಲ್ಲಿ ಹಿಡೀಲಿ? ಸೀಮೆಸುಣ್ಣದ ಗೆರೆ ಇದೆಯಲ್ಲ, ಸೊನ್ನೆ ಅದರ ಮೇಲೆ. ಕಾರಿನ ಹೊಟ್ಟೆಯ ಕೆಳಗೆ ಆ ಕಡೆ ಅವನ ಹೆಬ್ಬೆರಳು ಕಾಣುತ್ತಿತ್ತು, ಗೆರೆಯ ಮೇಲೆ ಒತ್ತಿದ್ದು, ಅಲುಗಲಿಲ್ಲ, ನನ್ನ ವಿಭಾಗದಲ್ಲಿ ಹಾಗೆ ಹಿಡಿಯುವವರು ಇಬ್ಬರೂ ಇಲ್ಲ. ಹೀಗ್ ಸೊಟ್ಟ ಇದ್ರೆ ನಿಜವಾಗ್ಲೂ ಚೆನ್ನಾಗಿ ತಿರುಗುತ್ತಾ? ತಿರುಗುತ್ತೆ. ಬಸ್ಸಿಗೂ ಹಿಂಗೇನಾ? ಅಪ್ಪ, ಮಾತಾಡಬೇಡ, ಟೇಪು ಅಲ್ಲಾಡುತ್ತೆ. ಅಲ್ಲಾಡುತ್ತಿರಲಿಲ್ಲ. ಕರಗಬಾರದು, ಆ ಹೆಬ್ಬೆರಳನ್ನು ನೋಡಿ ಕರಗಿಬಿಟ್ಟರೆ ಮತ್ತೆ ಅದೇ ಲೆಕ್ಕ, ಅವನು ತಪ್ಪು ಮಾಡಿದ್ದು ಅಳಿಸಿಹೋಗುತ್ತದೆ, ಅವನು ನೆಲದ ಮೇಲೆ ಮಲಗಿದ್ದು ಉಳಿಯುತ್ತದೆ, ಮನೆಯಲ್ಲಿ ಹೇಳುವ ಕಥೆ ಅದೇ ಆಗುತ್ತದೆ — ಕಾಲೇಜಿನಲ್ಲಿ ಅವನೇ ನನ್ನ ವಿಷಯ ಬದಲಾಯಿಸಿ ಫಾರಂ ಕೊಟ್ಟು ಬಂದಾಗಲೂ ಹೀಗೇ, ಕೇಳಿದ್ರೆ ಬೇಡ ಅಂತಿದ್ದೆ, ಆಮೇಲೆ ವರ್ಷಪೂರ್ತಿ ಬೆಳಿಗ್ಗೆ ಐದಕ್ಕೆದ್ದು ತಾನೇ ಬಸ್ ನಿಲ್ದಾಣದವರೆಗೆ ಬಿಡುತ್ತಿದ್ದ, ಎಲ್ಲರ ಬಾಯಲ್ಲೂ ಆ ಐದು ಗಂಟೆಯೇ, ಫಾರಂ ಯಾರ ನೆನಪಿನಲ್ಲೂ ಇಲ್ಲ. ಎರಡು ಮಿಲಿಮೀಟರ್. ಹನ್ನೊಂದೂ ಇಪ್ಪತ್ತೆಂಟು.

ಎರಡನೇ ಸರದಿಗೆ ತರಬೇತುದಾರ ಕೂರುವುದಿಲ್ಲ, ಪಕ್ಕದ ಸೀಟು ಖಾಲಿ. ಮೊದಲ ಸುತ್ತು ಟೈರು ಬೆಚ್ಚಗಾಗಲಿಕ್ಕೆ, ಎರಡನೇ ಸುತ್ತಿನ ಎರಡನೇ ತಿರುವು, ಬ್ರೇಕು, ಬಿಡು, ತಿರುಗಿಸು — ಮೂಗು ಒಳಗೆ ಹೋಯಿತು, ಹೋಯಿತು, ಇದು ನನ್ನ ಕಾರು, ಬಿಳಿ ಗೆರೆ ಎಲ್ಲಿರಬೇಕೋ ಅಲ್ಲಿ, ಮೂವತ್ತಮೂರು, ಮುಂದಿನದು ಮೂವತ್ತೆರಡು ಪಾಯಿಂಟ್ ಆರು, ಬರುತ್ತದೆ, ನಾಲ್ಕನೇ ತಿರುವಿನಲ್ಲಿ ಮಾತ್ರ ಏನೋ ಜಾರಿಕೆ, ಉದ್ದನೆಯ ಎಡ ತಿರುವು, ಬಲಟೈರಿನ ಹೊರಅಂಚು ಬೇಕಾಗುವ ಜಾಗ, ಆ ಅಂಚನ್ನು ಬೆಳಿಗ್ಗೆಯ ಆರು ಸುತ್ತು ತಿಂದು ಮುಗಿಸಿವೆ, ಕೋನ ವಾಪಸ್ ಬಂತು, ರಬ್ಬರು ವಾಪಸ್ ಬರುವುದಿಲ್ಲ, ಕೇಳಿದ್ರೆ ಬೇಡ ಅಂತಿದ್ದೆ, ಮೂವತ್ತೆರಡು ಪಾಯಿಂಟ್ ಮೂರು, ಇನ್ನೊಂದು ಸುತ್ತಿದೆ, ಒಂದೇ, ಉಸಿರು ಬಿಡು, ತಿರುವಿನ ಒಳಗೆರೆ, ಆಕ್ಸಿಲರೇಟರ್ ಒತ್ತು, ಇನ್ನೂ ಒತ್ತು, ನಾಲ್ಕನೇ ತಿರುವಿನಲ್ಲಿ ಮತ್ತೆ ಅದೇ ಜಾರಿಕೆ, ಅಂಗೈಯಗಲ, ಅಷ್ಟೇ, ಅಂಗೈಯಗಲ ಹೊರಗೆ, ಚೌಕಳಿ ಬಾವುಟ, ಫಲಕ. ಮೂವತ್ತೆರಡು ಪಾಯಿಂಟ್ ಎರಡು. ಮೂವತ್ತೆರಡು ಪಾಯಿಂಟ್ ಎರಡು. ಅಪ್ಪ ಬೇಲಿಯ ಹತ್ತಿರ ನಿಂತು ಎರಡು ಬೆರಳು ತೋರಿಸುತ್ತಿದ್ದಾನೆ, ಬರೀ ಎರಡು ದಶಾಂಶ ತಾನೇನಮ್ಮಾ, ಕೊಡ್ತಾರೆ ಬಿಡು, ನಾನು ಮಾತಾಡ್ಲಾ? ಅಂಗಿಯ ತೋಳಿಗೆ ಇನ್ನೂ ಮಣ್ಣು. ಬೇಡ ಅಂದೆ. ಮೂವತ್ತೆರಡು ಪಾಯಿಂಟ್ ಎರಡು.

ಪರವಾನಗಿ ಕೊಡಲಿಲ್ಲ. ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನು ಕಾರ್ಖಾನೆಯ ಬಸ್ಸು ಹತ್ತಿದಾಗ ಕಾರಿನ ಎರಡೂ ಕೀಲಿಗಳು ನನ್ನ ಚೀಲದಲ್ಲಿದ್ದವು. ಅಪ್ಪ ತರಕಾರಿಗೆ ನಡೆದುಕೊಂಡು ಹೋದ.