ಅತ್ತೆಯ ಬೈಕು ಏರು ಹತ್ತಿದ್ದು

ಅತ್ತೆ ಹರೆಯದಲ್ಲಿ ರೇಸಿಗೆ ಓಡಿಸುತ್ತಿದ್ದ ಟೂ-ಸ್ಟ್ರೋಕ್ ಬೈಕು ಈಗ ಏರು ಸಿಕ್ಕಿದಲ್ಲೆಲ್ಲ ಬಿಸಿಯೇರಿ ನಿಂತುಬಿಡುತ್ತಿತ್ತು. ಸೊಸೆ ರೇಡಿಯೇಟರ್ ತೊಳೆದಳು, ಪೈಪು ಬದಲಿಸಿದಳು. ಅದು ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

"ಮಾರಿಬಿಡಮ್ಮ. ನನಗೂ ವಯಸ್ಸಾಯ್ತು, ಅದಕ್ಕೂ ಆಯ್ತು," ಎಂದರು ಅತ್ತೆ.

"ಸ್ವಲ್ಪ ತಡೀರಿ ಅತ್ತೆ."

ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ರೇಡಿಯೇಟರ್ ಮುಚ್ಚಳ ತೆಗೆದು ಇಣುಕಿದಳು. ಹರಿಯಬೇಕಿದ್ದ ನೀರು ಸುಮ್ಮನೆ ನಿಂತಿತ್ತು. ಪಂಪು ಬಿಚ್ಚಿದಾಗ ಕಳ್ಳ ಸಿಕ್ಕಿಬಿದ್ದ: ನೀರು ತಳ್ಳುವ ಪ್ಲಾಸ್ಟಿಕ್ ಚಕ್ರ ಬಿರುಕುಬಿಟ್ಟು, ಅಚ್ಚು ತಿರುಗಿದರೂ ತಾನು ತಿರುಗದೆ ಜಾರುತ್ತಿತ್ತು.

ಲೇತಿನವನಿಂದ ಹಿತ್ತಾಳೆಯ ಚಕ್ರ ಮಾಡಿಸಿ ಕೂರಿಸಿದಳು. ಭಾನುವಾರ ಅತ್ತೆಯೇ ಹ್ಯಾಂಡಲ್ ಹಿಡಿದರು, ಸೊಸೆ ಹಿಂದೆ ಕುಳಿತಳು. ಏರಿನ ತುದಿ ಮುಟ್ಟಿದರೂ ಶಾಖದ ಮುಳ್ಳು ಕೆಂಪಿನತ್ತ ಸುಳಿಯಲಿಲ್ಲ.

"ಇನ್ನೊಂದ್ಸಲ ಹತ್ತೋಣ್ವಾ?" ಎಂದ ಅತ್ತೆ, ಉತ್ತರಕ್ಕೂ ಕಾಯದೆ ಗಾಡಿ ತಿರುಗಿಸಿದರು.