ಬೆರಳ ತುದಿಯ ನಲವತ್ತೆಂಟು

ತರಬೇತಿಯ ಒಂಬತ್ತನೆಯ ದಿನ ಮೇಡಂ ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಎದುರಿಗೆ ಕೂತಿದ್ದ ಏಳು ಜನ ಹೊಸ ಸಂಶೋಧಕರನ್ನು ಒಂದೇ ಪ್ರಶ್ನೆ ಕೇಳಿದರು: "ಬೆರಳು ಚುಚ್ಚೋಕೆ ಮುಂಚೆ ಮಗುವಿನ ಕೈ ಹೇಗೆ ತೊಳೆದ್ರಿ? ಒಬ್ಬೊಬ್ಬರಾಗಿ ಹೇಳಿ."

"ಸೋಪು ಹಾಕಿ, ಮೇಡಂ," ಎಂದ ಮೊದಲಿನವನು. "ನಮ್ಮಮ್ಮ ನನ್ನನ್ನೂ ಅಷ್ಟು ತಿಕ್ಕಿ ತೊಳೆದಿಲ್ಲ." ಎಲ್ಲರೂ ನಕ್ಕರು.

ಕೊನೆಯ ಬೆಂಚಿನ ಹುಡುಗಿಗೆ ನಗು ಬರಲಿಲ್ಲ. ನಾಲ್ಕು ದಿನದ ಹಿಂದೆ, ಹಳೆ ಬ್ಯಾಟರಿ ಒಡೆಯುವ ಓಣಿಯಲ್ಲಿ ಹನ್ನೊಂದು ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಅವಳು ಅಳೆದು ಬಂದಿದ್ದಳು. ಹತ್ತು ಮಕ್ಕಳ ಕೈ ತೊಳೆಸಿದ್ದಳು. ಹನ್ನೊಂದನೆಯ ಮನೆಯಲ್ಲಿ ನಲ್ಲಿ ನೀರು ಬಂದಿರಲಿಲ್ಲ. ಕೊಡದಲ್ಲಿದ್ದ ಕುಡಿಯುವ ನೀರನ್ನು ಕೇಳಲು ಸಂಕೋಚವಾಗಿ, ಸ್ಪಿರಿಟ್ ಹತ್ತಿಯಲ್ಲಿ ಬೆರಳೊರೆಸಿ ಚುಚ್ಚಿದ್ದಳು. ಐದನ್ನೂ ದಾಟಬಾರದ ಅಂಕಿ, ಯಂತ್ರದಲ್ಲಿ ನಲವತ್ತೆಂಟು ಬಂತು. ಬೆರಳ ಮೇಲಿನ ದೂಳೇ ಹನಿಯೊಳಗೆ ಸೇರಿತ್ತೋ ಏನೋ. ತೋಳಿನಿಂದ ಮತ್ತೆ ರಕ್ತ ತೆಗೆದು ಖಚಿತವಾಗುವವರೆಗೆ ಬಾಯಿ ಬಿಡಬಾರದೆಂದು ಗೊತ್ತಿದ್ದೂ, ತಾಯಿ ಕೈಹಿಡಿದು ಕೇಳಿದಾಗ ಹೇಳಿಬಿಟ್ಟಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಅವಳ ಸರದಿ ಬಂತು.

"ಹನ್ನೊಂದನೇ ಮಗು ಕೈ ತೊಳೀಲಿಲ್ಲ, ಮೇಡಂ. ಫಾರಂನಲ್ಲಿ ತೊಳೆದೆ ಅಂತ ಟಿಕ್ ಹಾಕಿದೀನಿ. ಅಂಕಿನೂ ಮನೆಯವರಿಗೆ ಹೇಳ್ಬಿಟ್ಟಿದೀನಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಪೆಟ್ಟಿಗೆ ತಗೊಂಡು ನಡಿ. ರಕ್ತ ನಾನು ತೆಗೀತೀನಿ. ಮಾತು ಮಾತ್ರ ನೀನೇ ಆಡಬೇಕು."

ಹನ್ನೊಂದನೆಯ ಮನೆಯ ತಾಯಿ ಇಬ್ಬರನ್ನೂ ಬಾಗಿಲಲ್ಲೇ ತಡೆದಳು. "ಇನ್ನೇನು ಹೇಳೋಕೆ ಬಂದ್ರಿ? ಇವರು ಬ್ಯಾಟರಿ ಒಡೆಯೋ ಕೆಲಸ ಬಿಟ್ಟು ನಾಲ್ಕು ದಿನ ಆಯ್ತು. ಇವರಿಗೆ ಮಗು ಮುಟ್ಟೋಕೂ ನಾನು ಬಿಟ್ಟಿಲ್ಲ."

ಒಳಗೆ ಗಂಡ ಗೋಡೆಗೊರಗಿ ಕೂತಿದ್ದ. ಮೂರು ವರ್ಷದ ಮಗಳು ತಾಯಿಯ ಹಿಂದೆ ನಿಂತು ಅವನನ್ನೇ ಇಣುಕುತ್ತಿದ್ದಳು.

"ತಪ್ಪು ನಂದು ಅಕ್ಕ. ಕೈ ತೊಳೆಸದೆ ಚುಚ್ಚಿದೆ. ಆ ಅಂಕಿ ಸರಿ ಇರಲಿಕ್ಕಿಲ್ಲ. ತೋಳಿಂದ ಮತ್ತೆ ತೆಗೀಬೇಕು."

"ಅಂದ್ರೆ, ಮೈಯಲ್ಲಿ ಏನೂ ಇಲ್ವಾ?"

"ಇಲ್ಲ ಅಂತಾನೂ ಹೇಳೋಕಾಗಲ್ಲ. ಗೊತ್ತಿಲ್ಲ ಅಕ್ಕ."

"ಗೊತ್ತಿಲ್ಲ ಅನ್ನೋಕೆ ಓದಿದೋರಿಗೆ ನಾಲ್ಕು ದಿನ ಬೇಕಾಯ್ತಾ?"

ಹುಡುಗಿ ತಲೆ ತಗ್ಗಿಸಲಿಲ್ಲ, ತಗ್ಗಿಸಿದರೆ ಅತ್ತುಬಿಡುತ್ತಿದ್ದಳು. ತಾಯಿ ಕೊನೆಗೆ ದಾರಿಬಿಟ್ಟಳು. ಮಗು ಕಿರುಚಾಡಿತು, ಮೇಡಂ ರಕ್ತ ತೆಗೆದು ಕೊಳವೆಗೆ ಮುಚ್ಚಳ ಹಾಕಿದರು. ಆಗ ಗಂಡ ಮೊದಲ ಬಾರಿಗೆ ಬಾಯಿ ತೆರೆದ.

"ನಾಳೆ ಕೆಲಸಕ್ಕೆ ಹೋಗ್ಲಾ, ಬೇಡ್ವಾ?"

ಈ ಸಲ ಹುಡುಗಿ ಅವಸರಪಡಲಿಲ್ಲ. "ಐದು ದಿನ ಬಿಟ್ಟು ಗೊತ್ತಾಗುತ್ತೆ ಅಣ್ಣ. ಏನೇ ಬರಲಿ, ಆ ಕೆಲಸದ ಬಟ್ಟೆ ಮಾತ್ರ ಮನೆಯೊಳಗೆ ಬರಬಾರದು. ಅಲ್ಲೇ ಬದಲಾಯಿಸಿ, ಸ್ನಾನ ಮಾಡಿ, ಆಮೇಲೆ ಮಗು ಎತ್ಕೊಳ್ಳಿ. ಇದು ಗೊತ್ತಿದ್ದೇ ಹೇಳ್ತಿದೀನಿ."

"ನಾಲ್ಕು ದಿನದಿಂದ ದಿನಾ ಸ್ನಾನ ಮಾಡ್ಕೊಂಡೇ ಕೂತಿದೀನಲ್ಲಮ್ಮ," ಎಂದ ಅವನು.

ತಾಯಿ ಬಿಕ್ಕುತ್ತಿದ್ದ ಮಗಳನ್ನು ಎತ್ತಿ ತಂದು ಅವನ ತೊಡೆಯ ಮೇಲೆ ಕೂರಿಸಿದಳು.