ಕಡಿಯದೆ ಒಳಗಿಲ್ಲ

ನಮ್ಮ ಓಣಿಯಲ್ಲಿ ಶ್ರಾವಣದ ಪುರಾಣ ಯಾರ ಮನೆಯಲ್ಲಿ ನಡೆಯಬೇಕೆಂಬುದನ್ನು ಚೌಕಾಬಾರದ ಕವಡೆಗಳು ಹೇಳುತ್ತಿದ್ದವು. ಬಸವಣ್ಣನ ಗುಡಿ ಸಣ್ಣದು. ಹತ್ತು ಜನ ಕೂತರೆ ಬಸವಣ್ಣನೇ ಎದ್ದು ಹೊರಗೆ ಹೋಗಬೇಕು. ಊರೊಟ್ಟು ಕೂರುವಷ್ಟು ದೊಡ್ಡ ಪಡಸಾಲೆ ಇದ್ದದ್ದು ನಾಲ್ಕೇ ಮನೆಗಳಿಗೆ. ಹಿಂದೊಂದು ವರ್ಷ ಆ ನಾಲ್ಕೂ ಮನೆಯ ಗಂಡಸರು ನಮ್ಮಲ್ಲಾಗಲಿ, ನಮ್ಮಲ್ಲಾಗಲಿ ಎಂದು ಬಡಿಗೆ ಎತ್ತಿದರಂತೆ. ಹಿರಿಯರು ಗಂಡಸರನ್ನು ಎಬ್ಬಿಸಿ ಹೆಂಗಸರನ್ನು ಕೂರಿಸಿದರು. ಅಂದಿನಿಂದ ನಾಗರ ಅಮಾವಾಸ್ಯೆಯ ಮಧ್ಯಾಹ್ನ ಗುಡಿಯ ಜಗಲಿಯ ಮೇಲೆ ಈ ಆಟ. ಗೆದ್ದ ಮನೆಯಲ್ಲಿ ಮರುದಿನದಿಂದ ತಿಂಗಳಿಡೀ ಪುರಾಣ. ಗೆದ್ದವರು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ.

ನಾನು ಬಿಳಗಿಯಿಂದ ಬನವಾಸಿ ದಾರಿಯ ಈ ಊರಿಗೆ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ನಮ್ಮ ಮನೆಯ ಪರವಾಗಿ ಪ್ರತಿ ವರ್ಷ ಆಡುತ್ತಿದ್ದವರು ಅತ್ತೆ ಮುರಿಗೆವ್ವ. ಆ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಅವರ ತೊಡೆಯ ಮೂಳೆ ಮುರಿಯಿತು. ಮಂಚದಿಂದ ಎತ್ತಲೇಬೇಡಿ ಎಂದು ಶಿರಸಿಯ ಡಾಕ್ಟರು ಹೇಳಿದರು. ನಲವತ್ತು ಶ್ರಾವಣ ತಪ್ಪದೆ ಕೇಳಿದ ಜೀವ. ಓದುವವರು ಸಾಲು ತಪ್ಪಿದರೆ ಮೂಲೆಯಿಂದ ಮೆಲ್ಲಗೆ ತಿದ್ದುತ್ತಿದ್ದವರು. ನನಗೆ ಬರುವ ಪದ್ಯಗಳೆಲ್ಲ ಬೀಸುಕಲ್ಲಿನ ಮುಂದೆ ಅವರ ಬಾಯಿಂದ ಕೇಳಿದವು.

ಅಮಾವಾಸ್ಯೆಯ ಬೆಳಿಗ್ಗೆ ತಲೆ ಬಾಚುವಾಗ ಅವರು ನನ್ನ ಕೈ ಹಿಡಿದರು. "ನೀಲಾ, ಬ್ಯಾರೆ ಮನ್ಯಾಗ ಆದ್ರ ನನಗ ಪುರಾಣ ಇಲ್ಲವಾ. ಮುಂದಿನ ಶ್ರಾವಣ ನಾ ನೋಡೂದಿಲ್ಲ, ತಿಳಕೋ."

"ಹಂಗನಬ್ಯಾಡ್ರಿ ಅತ್ತಿ."

"ಅನಬ್ಯಾಡ್ರಿ ಅಂದ್ರ ಕಾಲು ಕೂಡತಾವೇನು? ಹೋಗು, ಗೆದ್ದು ಬಾ."

ಬಾವಿಯ ಹತ್ತಿರ ಪಕ್ಕದ ಮನೆಯ ಸಿದ್ದವ್ವ ಕಾಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಆಟದ ನಾಲ್ವರಲ್ಲಿ ಅವಳೂ ಒಬ್ಬಳು. ಹಿಂದಿನ ವರ್ಷ ಪುರಾಣ ನಡೆದದ್ದು ಶಾರದವ್ವನ ಮನೆಯಲ್ಲಿ. ಅಲ್ಲಿ ಶಾರದವ್ವ ಇವಳನ್ನು ಮುಂದಿನ ಸಾಲಿನಿಂದ ಎಬ್ಬಿಸಿ ಹಿಂದೆ ಕೂರಿಸಿದ್ದಳು. ಅದನ್ನು ಇವಳು ಮರೆತಿರಲಿಲ್ಲ.

"ಶಾರದವ್ವನ್ನ ಕೆಡವಬೇಕು," ಎಂದಳು ಸಿದ್ದವ್ವ. "ನೀ ಗೆಲ್ಲು, ಇಲ್ಲಾ ನಾ ಗೆಲ್ತೀನಿ. ಆಕಿಗೆ ಮಾತ್ರ ಬ್ಯಾಡ. ಭಾಷಾ ಮಾಡೋಣೇನು?"

ಭಾಷೆ ನಮ್ಮ ಆಟದ ಪದ್ಧತಿ. ಇಬ್ಬರು ಜೊತೆಯಾಗುವುದಾದರೆ ಬಸವಣ್ಣನ ಮುಂದೆ ಒಬ್ಬರ ಮುಂಗೈಗೆ ಇನ್ನೊಬ್ಬರು ವಿಭೂತಿ ಎಳೆಯಬೇಕು. ಆಮೇಲೆ ಅವರು ಒಬ್ಬರ ಕಾಯಿ ಒಬ್ಬರು ಕಡಿದು ಮೊದಲ ಮನೆಗೆ ಅಟ್ಟುವಂತಿಲ್ಲ. ಇಬ್ಬರ ಕಾಯಿಗಳೂ ಆಟದ ಒಂದೇ ಮನೆಯಲ್ಲಿ ಕೂತರೆ ಮೂರನೆಯವರು ಮುಟ್ಟುವಂತಿಲ್ಲ. ಭಾಷೆ ಮುರಿಯಬೇಕೆಂದರೆ ಕವಡೆ ಹಾಕುವ ಮೊದಲು ಎಲ್ಲರ ಎದುರು ಆ ವಿಭೂತಿಯನ್ನು ನೀರಿನಿಂದ ತೊಳೆಯಬೇಕು. ಹಾಗೆ ತೊಳೆದವರನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ಗುಡಿಯಲ್ಲಿ ಸಿದ್ದವ್ವನ ಕೈಗೆ ನಾನು ಎಳೆದೆ, ನನ್ನ ಕೈಗೆ ಅವಳು.

ಎದುರು ಕೂತ ಶಾರದವ್ವ ನೋಡಿ ನಕ್ಕಳು. "ಕೂಡಿದ್ರೇನು ಇಬ್ಬರೂ? ಕೂಡ್ರಿ ಕೂಡ್ರಿ. ಒಬ್ಬೊಬ್ಬರನ್ನ ಹೊಡೆಯೋ ತ್ರಾಸ ತಪ್ಪಿತು ನನಗ." ನಾಲ್ಕನೆಯವಳು ಪಾರ್ವತವ್ವ, ಕವಡೆ ಮುಟ್ಟುವ ಮೊದಲೇ ಸೋತವಳಂತೆ ನಿಟ್ಟುಸಿರು ಬಿಟ್ಟಳು. ನ್ಯಾಯ ಹೇಳಲು ಮಡಿವಾಳಪ್ಪಜ್ಜ ಕಂಬಕ್ಕೆ ಒರಗಿ ಕೂತಿದ್ದ.

ಸುಣ್ಣದ ಗೆರೆ ಎಳೆದ ಇಪ್ಪತ್ತೈದು ಮನೆ. ಒಬ್ಬೊಬ್ಬರಿಗೆ ಎರಡೆರಡು ಕಾಯಿ. ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆಗೆ ಮೊದಲು ಒಂದು ಕಾಯಿ ಮುಟ್ಟಿಸಿದವರು ಗೆದ್ದಂತೆ.

ಮೊದಲ ಗಳಿಗೆಯೆಲ್ಲ ನಮ್ಮದೇ ಆಟ. ನಾನು ಮುಂದೆ ಹೋದರೆ ಸಿದ್ದವ್ವ ಬಂದು ಅದೇ ಮನೆಯಲ್ಲಿ ಜೊತೆ ಕೂರುತ್ತಿದ್ದಳು. ಅವಳು ಸಿಕ್ಕಿಕೊಂಡರೆ ನಾನು ಹೋಗಿ ಕೂರುತ್ತಿದ್ದೆ. ಅವಳು ಪಾರ್ವತವ್ವನ ಎರಡೂ ಕಾಯಿ ಕಡಿದಳು, ಶಾರದವ್ವನದೊಂದು ಕಡಿದಳು. ಪ್ರತಿ ಸಲವೂ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಕಡಿಯುವ ಕೆಲಸ ಅವಳಿಗೇ ಬಿಟ್ಟು ನಾನು ನನ್ನ ಕಾಯಿಯನ್ನು ಹೊರಸುತ್ತಿನ ಕೊನೆಯ ಮನೆಗೆ ತಂದು ನಿಲ್ಲಿಸಿದೆ.

ಮೂರು ಬಿತ್ತು. ನಾನು ಕಾಯಿ ಎತ್ತಿ ಒಳಗೆ ಇಡಲು ಹೋದಾಗ ಶಾರದವ್ವ ಅಂಗೈ ಅಡ್ಡ ಹಿಡಿದಳು.

"ನೀ ಯಾರನ್ನ ಕಡದೀಯವಾ?"

"ಸಿದ್ದಕ್ಕ ಮೂರು ಕಡದಾಳಲ್ಲ."

"ಆಕಿ ಕಡದಿದ್ದು ಆಕಿದು. ನಿಂದೆಲ್ಲಿ?"

ಚೌಕಾಬಾರದಲ್ಲಿ ಒಬ್ಬರ ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಅದು ನನಗೂ ಗೊತ್ತು. ಆದರೆ ಬಿಳಗಿಯಲ್ಲಿ ನಾವು ಆಡುವಾಗ ಜೊತೆಗಾರ್ತಿ ಕಡಿದರೆ ಇಬ್ಬರಿಗೂ ಲೆಕ್ಕ. ಎಂಟು ವರ್ಷ ಅತ್ತೆಯ ಹಿಂದೆ ಕೂತು ನೋಡಿದ್ದೆ. ಅವರು ಯಾರ ಜೊತೆಗೂ ಭಾಷೆ ಮಾಡಿದವರಲ್ಲ. ಹಾಗಾಗಿ ಈ ಊರಿನ ಪದ್ಧತಿಯನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಮಡಿವಾಳಪ್ಪಜ್ಜ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದ. "ಅದು ಬಿಳಗಿ ಕಾಯ್ದೆ ತಂಗಿ. ನಮ್ಮ ಜಿಲ್ಲಾ ಮುಂಬಯಿ ಬಿಟ್ಟು ಮೈಸೂರಿಗೆ ಬಂದು ಮೂರು ವರ್ಷ ಆತು, ಕಚೇರಿ ಕಾಯ್ದೆ ಎಲ್ಲ ಬದಲಾತು. ಈ ಜಗಲಿ ಕಾಯ್ದೆ ಬದಲಾಗಿಲ್ಲ. ತನ್ನ ಕೈಲೆ ಕಡದವರು ಒಳಗ."

ಆ ಮೂರನ್ನು ಇನ್ನೊಂದು ಕಾಯಿಗೆ ನಡೆಸಿ ಸುತ್ತಲೂ ನೋಡಿದೆ. ಪಾರ್ವತವ್ವನದೊಂದು ಕಡಿದು ಒಳಹೊಕ್ಕಿದ್ದ ಶಾರದವ್ವನ ಒಂದು ಕಾಯಿ ನಡುಮನೆಯ ಬಾಗಿಲಲ್ಲಿತ್ತು, ಒಂದು ಬಿದ್ದರೆ ಗೆಲುವು. ಅವಳ ಇನ್ನೊಂದು ಕಾಯಿ ಮತ್ತು ಪಾರ್ವತವ್ವನ ಎರಡೂ ಕಾಯಿ ಕಡಿಯಲಾಗದ ಕಟ್ಟೆಮನೆಗಳಲ್ಲಿ ಕೂತಿದ್ದವು. ಸಿದ್ದವ್ವನ ಒಂದು ಕಾಯಿ ಒಳಸುತ್ತಿನಲ್ಲಿ. ಹೊರಸುತ್ತಿನಲ್ಲಿ ಕಡಿಯಲು ಸಿಗುವಂತೆ ಇದ್ದದ್ದು ಒಂದೇ ಕಾಯಿ. ಅದೂ ಸಿದ್ದವ್ವನದು, ನನ್ನ ಎರಡನೆಯ ಕಾಯಿಯಿಂದ ಎರಡು ಮನೆ ಮುಂದೆ.

ಶಾರದವ್ವ ಕವಡೆ ಕುಲುಕಿ ಹಾಕಿದಳು. ಎರಡು. ಸರಿಯಾಗಿ ಒಂದೇ ಬೀಳಬೇಕು. ಬೇಡದ ಆಟ ಬಿಡಬಹುದು, ಹಾಗಾಗಿ ಕಟ್ಟೆಯ ಕಾಯಿಯನ್ನು ಅಲುಗಿಸಲಿಲ್ಲ. ಅವಳು ತುಟಿ ಕಚ್ಚಿದಳು. ಪಾರ್ವತವ್ವ ತನ್ನದನ್ನು ಹಾಕಿದಳು, ಅವಳೂ ಕಟ್ಟೆ ಬಿಡಲಿಲ್ಲ. ಸಿದ್ದವ್ವ ಒಳಗಿನ ಕಾಯಿಯನ್ನು ನಡೆಸಿ ಕವಡೆಗಳನ್ನು ನನ್ನತ್ತ ನೂಕಿದಳು.

ನಾನು ಕವಡೆ ಎತ್ತಲಿಲ್ಲ.

"ಸಿದ್ದಕ್ಕಾ," ಎಂದೆ ಮೆಲ್ಲಗೆ. "ಆ ಕಾಯಿ ಕೊಡ್ತೀಯೇನು?"

"ಕೊಡಾಕ ಅದೇನು ಉಪ್ಪಿನಕಾಯೇನು?" ಅವಳು ನಗಲಿಲ್ಲ. "ಒಳಗ ನಂದೂ ಒಂದು ಐತಿ ನೀಲಾ. ನಾನೂ ಗೆಲ್ಲಬಹುದು. ಭಾಷಾ ಅಂದ್ರ ಭಾಷಾ."

"ಅತ್ತಿ ಮಂಚದ ಮ್ಯಾಲ ಅದಾರ. ನಿನ್ನ ಮನ್ಯಾಗ ಆದ್ರೂ ಅವರಿಗೆ ಬರಾಕ ಆಗೂದಿಲ್ಲ."

"ಮುಂಜಾನೆ ಬಾವಿ ಹಂತ್ಯಾಕ ಇದನ್ನ ಹೇಳಬೇಕಿತ್ತು."

ಅವಳು ಹೇಳಿದ್ದು ನಿಜ. ಆಗ ನನಗೆ ಅವಳ ಕಾಯಿಗಳ ಜೊತೆ ಬೇಕಾಗಿತ್ತು, ಅದಕ್ಕೆ ಹೇಳಿರಲಿಲ್ಲ. ಗುಡಿಯ ಬಾಗಿಲಲ್ಲಿ ತಂಬಿಗೆ ಇತ್ತು. ನಾನು ಎದ್ದು ಹೋಗಿ ಅದನ್ನು ತಂದೆ. ಜಗಲಿಯ ಸುತ್ತ ನಿಂತವರು ಕತ್ತು ಚಾಚಿದರು. ಬಸವಣ್ಣನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಮುಂಗೈ ಮೇಲೆ ನೀರು ಸುರಿದೆ. ಒಣಗಿದ ವಿಭೂತಿ ಒಂದೇ ಸಲಕ್ಕೆ ಹೋಗಲಿಲ್ಲ, ಹೆಬ್ಬೆರಳಿನಿಂದ ಉಜ್ಜಬೇಕಾಯಿತು.

"ಶಿವಶಿವಾ," ಎಂದಳು ಪಾರ್ವತವ್ವ.

ಕವಡೆ ಹಾಕಿದೆ. ಎರಡು.

ಸಿದ್ದವ್ವನ ಕಾಯಿಯನ್ನು ಎತ್ತಿ ಅವಳ ಮುಂದಿಟ್ಟೆ. ಅವಳು ಕೈ ಚಾಚಲಿಲ್ಲ. ಕಡಿದವರಿಗೆ ಮತ್ತೊಂದು ಆಟ: ಚೌಕ, ನಾಲ್ಕು. ಚೌಕಕ್ಕೆ ಮತ್ತೊಂದು: ಎರಡು. ನನ್ನ ಮೊದಲ ಕಾಯಿ ಒಳಸುತ್ತು ಹೊಕ್ಕು ಆರು ಮನೆ ದಾಟಿ ನಿಂತಿತು. ಇನ್ನು ಮೂರು ಬಿದ್ದರೆ ನಡುಮನೆ.

ಶಾರದವ್ವ ಕವಡೆಗಳನ್ನು ಹಣೆಗೆ ಒತ್ತಿ ಹಾಕಿದಳು. ಮೂರು. "ಥೂ!" ಎಂದಳು. ಪಾರ್ವತವ್ವ ಏನು ಹಾಕಿದಳೋ ಯಾರೂ ನೋಡಲಿಲ್ಲ. ಸಿದ್ದವ್ವನ ಒಳಗಿನ ಕಾಯಿ ನನ್ನ ಕಾಯಿಯ ಹಿಂದೆ ಎರಡೇ ಮನೆಯಲ್ಲಿತ್ತು.

ಸಿದ್ದವ್ವ ಹಾಕಿದಳು. ಎರಡು ಕವಡೆ ಮಗುಚಿ ಬಿದ್ದವು, ಎರಡು ಬಾಯಿ ತೆರೆದವು.

"ಎರಡು!" ಶಾರದವ್ವ ಮೊಣಕಾಲ ಮೇಲೆ ಎದ್ದೇಬಿಟ್ಟಳು. "ಕಡಿ ಸಿದ್ದವ್ವ! ವಿಭೂತಿ ತೊಳಕೊಂಡಾಕಿ ಆಕಿ. ಕಡಿ. ಹ್ವಾದ ವರ್ಷದ್ದು ಮರತುಬಿಡು, ಮುಂದಿನ ಸಾಲು ನಿಂದ, ನಾ ಮಾತು ಕೊಡ್ತೀನಿ. ಬೇಕಾದ್ರ ಈಗ ಭಾಷಾ ಮಾಡೋಣ."

ಸಿದ್ದವ್ವನ ಬೆರಳುಗಳು ಒಳಗಿನ ಕಾಯಿಯ ಮೇಲೆ ಇಳಿದವು. ಕಡಿದರೆ ನನ್ನ ಕಾಯಿ ಮೊದಲ ಮನೆಗೆ ಹೋಗುತ್ತದೆ, ಮತ್ತೆ ಇಡೀ ಹೊರಸುತ್ತು. ಕೇಳುವ ಬಾಯನ್ನು ನಾನೇ ತೊಳೆದುಕೊಂಡಿದ್ದೆ.

ಅವಳು ಆ ಕಾಯಿಯನ್ನು ಒತ್ತಿ ಹಿಡಿದೇ ಇದ್ದಳು. ಉಗುರಿನ ತುದಿ ಬೆಳ್ಳಗಾಯಿತು. ಕೊನೆಗೆ ಕೈ ತೆಗೆದು, ನಾನು ಕಡಿದು ಅವಳ ಮುಂದಿಟ್ಟ ಕಾಯಿಯನ್ನು ಎತ್ತಿ ಹೊರಸುತ್ತಿನಲ್ಲಿ ಮೊದಲಿನಿಂದ ಎರಡು ಮನೆ ನಡೆಸಿದಳು.

"ಹುಚ್ಚೇನು ನಿನಗ?" ಎಂದಳು ಶಾರದವ್ವ.

"ನಿನಗ ಬಿಟ್ಟಿಲ್ಲ ನೀಲಾ," ಸಿದ್ದವ್ವ ಸುಣ್ಣದ ಗೆರೆಗಳನ್ನೇ ನೋಡುತ್ತ ಹೇಳಿದಳು. "ಆ ಮುದುಕಿಗೆ ಬಿಟ್ಟೀನಿ. ಹಾಕು."

ನನಗೆ ಬಿದ್ದದ್ದು ಒಂದು. ಶಾರದವ್ವನಿಗೆ ನಾಲ್ಕು, ಮತ್ತೊಂದು ಆಟ, ಮತ್ತೆ ಎರಡು. ಸಿದ್ದವ್ವ ಹೊರಗಿನ ಕಾಯಿಯನ್ನೇ ನಡೆಸಿದಳು. ಮುಂದಿನ ಸರದಿಯಲ್ಲಿ ನನಗೆ ಬೇಕಾದ ಎರಡು ಬಿತ್ತು. ಮಡಿವಾಳಪ್ಪಜ್ಜ ನಡುಮನೆಯ ಮೇಲೆ ಬೆರಳಿಟ್ಟು ನಮ್ಮ ಮನೆಯ ಹೆಸರು ಕೂಗಿದ. ಸಿದ್ದವ್ವ ಆಗಲೇ ಮೆಟ್ಟಿಲು ಇಳಿದಿದ್ದಳು.

ಮರುದಿನ ಸಂಜೆ ಪಡಸಾಲೆಯ ನಡುವೆ ಅತ್ತೆಯ ಮಂಚ. ಅದರ ಸುತ್ತ ಊರು. ಪುರಾಣಿಕರು ವ್ಯಾಸಪೀಠ ಬಿಚ್ಚುವಾಗ ಸಿದ್ದವ್ವ ಬಂದಳು. ನನ್ನನ್ನು ದಾಟಿ ನೇರ ಮಂಚದ ಹತ್ತಿರ ಹೋಗಿ ಅತ್ತೆಯ ಕಾಲ ಬಳಿ ಕೂತಳು. ಅತ್ತೆ ಅವಳ ತಲೆ ಸವರಿದರು. ಬಂದವರಿಗೆಲ್ಲ ಕೊಟ್ಟಂತೆ ನಾನು ಅವಳಿಗೂ ಬೆಲ್ಲ ನೀರು ತೆಗೆದುಕೊಂಡು ಹೋದೆ.

"ನನಗ ಒಪ್ಪತ್ತು," ಎಂದಳು.

"ಇವತ್ತೆಲ್ಲಿ ಒಪ್ಪತ್ತಲೇ, ಸೋಮವಾರ ಅಲ್ಲಲ್ಲ?" ಅತ್ತೆ ಕೇಳಿದರು.

"ಅಲ್ರಿ," ಎಂದಳು ಸಿದ್ದವ್ವ.

ಅತ್ತೆ ಅವಳ ಮುಖ ನೋಡಿದರು, ಆಮೇಲೆ ನನ್ನದು. ಅಷ್ಟರಲ್ಲಿ ಪುರಾಣಿಕರು ಕಣ್ಣು ಮುಚ್ಚಿ ಮೊದಲ ಪದ್ಯ ಎತ್ತಿಕೊಂಡರು. ನಾನು ಲೋಟ ಹಿಡಿದು ಒಳಗೆ ಹೋದೆ.